ನಮೂನೆಯ ನಂಬರು

ಇಲೊಯ್ಲೊ ಊರಿನ ಹಾರೋ ಪೇಟೆ. ಕೆಳಗೆ
ಟ್ರೈಸಿಕಲ್ ರಿಪೇರಿ, ಮೇಲೆ ನನ್ನ ಅಂಗಡಿ:
ಒಂದು ಲ್ಯಾಪ್‌ಟಾಪು, ಒಂದು ಫ್ಯಾನು,
ಕರೆಂಟು ಹೋದರೆ ಒಂದೇ.
ಗಿರಾಕಿಯ ಮುಖ ಕಂಡವಳಲ್ಲ ನಾನು.
ತೊಂಬತ್ತೈದು ಪೆಸೊ ಕೊಟ್ಟವರಿಗೆ
ಒಂದು ಹಬ್ಬದ ಚೌಕಟ್ಟು ಇಳಿದು ಹೋಗುತ್ತದೆ:
ಕೂಸಿನ ಜ್ಞಾನಸ್ನಾನ, ಮದುವೆ,
ಹುಡುಗಿಗೆ ಹದಿನೆಂಟು ತುಂಬಿದ ಸಂಜೆ.
ಹೂವು, ಅಂಚು, ಅಕ್ಷರದ ಬಳುಕು ನನ್ನದು.
ಹೆಸರು ಅವರದು.

ಖಾಲಿ ಬಿಟ್ಟರೆ ಯಾರೂ ಕೊಳ್ಳುವುದಿಲ್ಲ.
ಬಾಡಿಗೆಯವರು ಬರಲಿ ಅಂತ ಖಾಲಿ ಮನೆಗೂ
ಒಂದು ಪರದೆ ಕಟ್ಟುತ್ತಾರಲ್ಲ, ಹಾಗೆ
ಇಲ್ಲದವರ ಹೆಸರು ತುಂಬುತ್ತೇನೆ.
ಸೆಲೆಸ್ತಿನಾ ಅಂತ ಒಬ್ಬ ಹುಡುಗಿ.
ಸಂಜೆ ಆರು, ಕಡಲ ಬದಿಯ ಸಭಾಂಗಣ.
ಹದಿನೆಂಟು ಗುಲಾಬಿ, ಹದಿನೆಂಟು ಗಂಡಸರು,
ಒಬ್ಬೊಬ್ಬರೇ ಹೂ ಕೊಟ್ಟು ಒಂದು ಸುತ್ತು ಕುಣಿಯಬೇಕು:
ಸೋದರಮಾವ, ಸಹಪಾಠಿ, ಪಕ್ಕದ ಮನೆಯವನು,
ಕೊನೆಯದು ಅಪ್ಪ.
ಬರುವವರು ತಿಳಿಸಬೇಕಾದ ನಂಬರು—
ನಿದ್ದೆಗಣ್ಣು. ಬೆರಳಿಗೆ ಬಾಯಿಪಾಠ ಇದ್ದದ್ದು
ನನ್ನದೇ.

ಮೊದಲ ಕರೆ ಮಂಗಳವಾರ, ಮೀನು ಹುರಿಯುವಾಗ.
"ಹೆರ್ಮಿನಿಯಾ ಅಕ್ಕ ಅಲ್ವಾ? ನಾವು ಐವರು ಬರ್ತೀವಿ,
ಅಜ್ಜಿಗೆ ಮೆಟ್ಟಿಲು ಆಗಲ್ಲ."
ಅಲ್ಲ ಅನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು.
ಆಮೇಲೆ ಎರಡನೆಯದು. ಏಳನೆಯದು.
ಯಾರೋ ಕಾರ್ಡಿನ ಫೋಟೊ ಕಳಿಸಿದರು:
ಗಿಮಾರಾಸ್ ದ್ವೀಪದ ಗಿರಾಕಿ, ಹೋದ ತಿಂಗಳಿನವಳು.
ಹೆಸರು ಬದಲಿಸಿದ್ದಾಳೆ, ಹೊತ್ತು, ಜಾಗ ಬದಲಿಸಿದ್ದಾಳೆ.
ಕೆಳಗಿನದು ಹಾಗೇ ಬಿಟ್ಟಿದ್ದಾಳೆ.
ಎಂಬತ್ತು ಕಾರ್ಡು, ಅಚ್ಚಾಗಿ, ಹಂಚಿಯೂ ಮುಗಿದಿದೆ.
ಬರೆದೆ. ನೋಡಲಿಲ್ಲ.

ಇನ್ನೇನು ಮಾಡುವುದು. ಕರೆಂಟು ಬಿಲ್ಲಿನ ಹಿಂಬದಿಗೆ
ಗೆರೆ ಎಳೆದು ಬರೆಯತೊಡಗಿದೆ:
ಗುಡ್ಡದ ಮನೆಯಿಂದ ನಾಲ್ವರು.
ಸಿಗಡಿ ತಿಂದರೆ ಮೈ ಊದುವವನೊಬ್ಬ.
ಬರಲಾಗದ ಟೀಚರು. ಕರೆಯದಿದ್ದರೂ ಬರುವ ಇಬ್ಬರು.
ಯಾರದೋ ಮನೆಯ ಊಟಕ್ಕೆ
ನಾನು ಎಲೆ ಲೆಕ್ಕ ಹಾಕುತ್ತಿದ್ದೆ.

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಇನ್ನೊಂದು.
ಹಿಂದೆ ಎಂಜಿನ್ನಿನ ಗುಡುಗು. ಹಡಗಿನವರ ದನಿ
ನನಗೆ ಗೊತ್ತು, ನಮ್ಮ ಬೀದಿಯಲ್ಲಿ ಮನೆಗೊಬ್ಬ.
"ಹೆರ್ಮಿನಿಯಾ?"
ಅಲ್ಲ ಅಂದೆ. ಅಲ್ಲ ಅಂದದ್ದೇ
ಅವನಿಗೆ ಸಲೀಸಾಯಿತೇನೋ.
"ಕಾರ್ಡು ನೋಡಿದೆ, ತಮ್ಮನ ಫೋನಿನಲ್ಲಿ. ನನಗೆ ಬಂದದ್ದಲ್ಲ.
ಆ ಮನೆಯ ಹೊಸಿಲು ತುಳಿದು ಆರು ವರ್ಷ.
ಒಂದು ಕೇಳಲಾ? ಹದಿನೆಂಟನೆಯದು ಅಪ್ಪ ಅಂತಿದೆ.
ಮಗಳೇ ಬರೆಸಿದ್ದಾ?"

ಫ್ಯಾನು ನಿಂತಿತ್ತು.
ಆ ಪದ ಬರೆದವಳು ನಾನು,
ಫೆಬ್ರವರಿಯ ಒಂದು ಮಧ್ಯಾಹ್ನ,
ಬಲಗಡೆಯ ಹೂವಿಗೆ ತಾಗದಂತೆ
ಚಿಕ್ಕದೊಂದು ಬೇಕಿತ್ತು ಅಂತ.
"ಅಚ್ಚಾಗಿರೋದು ಹಾಗೇ," ಅಂದೆ.
ಸುಳ್ಳಲ್ಲ. ನಿಜ ಅನ್ನಲು ಬಾಯಿ ಬರಲಿಲ್ಲ.
"ಸರಿ," ಅಂದ. ತಡೆದು,
"ಒಬ್ಬ ಅಂತ ಬರೆದುಕೊಳ್ಳಿ."

ಮರುದಿನ ಪಟ್ಟಿ ಪೂರಾ ಕಳಿಸಿದೆ,
ಸಿಗಡಿಯವನ ಸಮೇತ. ಕೊನೆಗೆ:
ಒಬ್ಬರು. ಹಡಗಿನಿಂದ. ಹೆಸರು ಹೇಳಲಿಲ್ಲ.
ಎರಡು ನೀಲಿ ಗುರುತು ಮೂಡಿತು. ಉತ್ತರ ಬರಲಿಲ್ಲ.
ಹದಿನೈದು ದಿನ ಬಿಟ್ಟು ಅಂಗಡಿಗೆ ನಾಲ್ಕು ನಕ್ಷತ್ರ:
"ಪರವಾಗಿಲ್ಲ. ಗುಲಾಬಿ ಬಣ್ಣ ಅಚ್ಚಿನಲ್ಲಿ ಮಬ್ಬು."
ಬಂದನೇ, ಕುಣಿದನೇ, ಬಾಗಿಲಲ್ಲೇ ನಿಂತನೇ,
ನಕ್ಷತ್ರಕ್ಕೇನು ಗೊತ್ತು.

ಬಣ್ಣವನ್ನು ಒಂದು ಹನಿ ಗಾಢ ಮಾಡಿದೆ.
ನಂಬರಿನ ಜಾಗಕ್ಕೆ ಹನ್ನೊಂದು ಸೊನ್ನೆ.
ಕೊನೆಯ ಗುಲಾಬಿಯ ಮುಂದೆ ಕರ್ಸರು
ಮಿಟುಕಿತು, ಮಿಟುಕಿತು.
"ಇಲ್ಲಿ ಹೆಸರು" ಅಂತ ಬರೆದು ನೋಡಿದೆ,
ಹೂವಿನ ಮೇಲೆ ಹತ್ತಿತು.
ಅಳಿಸಿ, ಮೊದಲಿನದನ್ನೇ ಬಿಟ್ಟೆ.
ಕೆಳಗೆ ಯಾರೋ ಟ್ರೈಸಿಕಲ್ಲನ್ನು ಒದೆಯುತ್ತಿದ್ದರು,
ಇನ್ನೊಮ್ಮೆ, ಇನ್ನೊಮ್ಮೆ, ಹಿಡಿಯಲೊಲ್ಲದು.