ಕೊರಳೊಂದು ಬಾಕಿ

ಹೋಲ್ಡರ್‌ಫೆಲ್ಸಿನ ಡಚೆಸ್ ಮೊದಲ ದಿನವೇ ಹೇಳಿದ್ದು:
ಮುಖ ಬರಿ, ಮುಡಿ ಬರಿ, ರೇಷ್ಮೆಯ ತೋಳು ಬರಿ,
ಕೊರಳು ಮಾತ್ರ ಹಾಗೇ ಬಿಡು.
ಯಾವ ದಿಕ್ಕಿನಿಂದ ಕಾಗದ ಬರುತ್ತದೋ ನೋಡಿ
ಆಮೇಲೆ ತಿಳಿಸುತ್ತೇವೆ.

ನಾನು ಅರಮನೆಯಿಂದ ಅರಮನೆಗೆ ಬಣ್ಣ ಹೊತ್ತವನು,
ದೊರೆಗಳ ಇಳಿಗಲ್ಲ ಅಳಿಸಿ ಅನ್ನ ತಿಂದವನು.
ಬಿಡು ಅಂದರು, ಬಿಟ್ಟೆ.

ದಕ್ಷಿಣದ ಮನೆಯಾದರೆ ಶಿಲುಬೆ, ಅದರ ಮೇಲೊಂದು ಸೋತ ಮೈ.
ಪೂರ್ವದ್ದಾದರೆ ಕೆಳಗೊಂದು ಓರೆಪಟ್ಟಿಯ ಚಿನ್ನದ ಶಿಲುಬೆ.
ಉತ್ತರದವರಿಗೆ ಅದ್ಯಾವುದೂ ಬೇಡ, ಒಂದೆಳೆ ಮುತ್ತು ಸಾಕು.
ಮೂರಕ್ಕೂ ಜಾಗವಾಗುವಷ್ಟು
ಸೀಸದ ಬಿಳಿ ಬಳಿದಿಟ್ಟೆ.

ಎರ್ಡ್‌ಮೂಟ. ಹದಿನೇಳು. ಕೂತಲ್ಲೇ ಕಾಲಾಡಿಸುವ ಹುಡುಗಿ.
ಅಡುಗೆಯವಳ ಮಗಳಿಗೆ ಹದಿನಾಲ್ಕಕ್ಕೇ ದೀಕ್ಷೆಯಾಗಿದೆ,
ಲಾಯದವನ ಮಗಳೂ ಪೀಠದ ಮುಂದೆ ಮೊಣಕಾಲೂರಿ ರೊಟ್ಟಿ ಪಡೆಯುತ್ತಾಳೆ.
ಇವಳು ಭಾನುವಾರ ಗಾಜಿನ ಕಟಕಟೆಯೊಳಗೆ
ಕೈಗವಸು ಮಡಿಸುತ್ತಾಳೆ, ಬಿಡಿಸುತ್ತಾಳೆ.
ಪಾದ್ರಿ ಟಿಲೆಮನ್ನನಿಗೆ ಅಪ್ಪಣೆ:
ಧರ್ಮ ಕಲಿಸು, ಆದರೆ ಗಟ್ಟಿ ಬಣ್ಣ ಬೇಡ,
ಒಗೆದರೆ ಹೋಗುವಂತಿರಲಿ.

ಒಂದು ಗುರುವಾರ, ದಾದಿ ತೂಕಡಿಸುವಾಗ, ಕೇಳಿದಳು:
ಇಲ್ಲಿ, ಗಂಟಲ ಗುಳಿಯ ಪಕ್ಕ, ಎಳ್ಳಿನಷ್ಟು ಮಚ್ಚೆಯಿದೆ.
ಮೊದಲು ಅದನ್ನು ಬರಿ, ಮೇಲೆ ಏನಾದರೂ ಬಳಿದುಕೋ.
ಪೂರ್ವಕ್ಕೆ ಕೊಟ್ಟರೆ ಹೆಸರನ್ನೂ ಬದಲಿಸುತ್ತಾರಂತೆ,
ದೇವರಿಗೆ ಗುರುತು ಸಿಗಬೇಕಲ್ಲ?
ನಕ್ಕಳೋ ಇಲ್ಲವೋ, ಈಗ ನೆನಪಿಲ್ಲ.
ಬರೆದೆ. ಒಣಗಿದ ಮೇಲೆ ಮುಚ್ಚಿದೆ.

ಮಾರ್ಚಿನಲ್ಲಿ ಪೂರ್ವದ ಕಾಗದ. ಚಿನ್ನದ ರೇಕು ತರಿಸಿದೆ,
ಓರೆಪಟ್ಟಿಯ ಓರೆ ಎಡಕ್ಕೋ ಬಲಕ್ಕೋ ಎಂದು
ತುಪ್ಪಳದ ವ್ಯಾಪಾರಿಯೊಬ್ಬನನ್ನು ಹಿಡಿದು ಕೇಳಿದೆ.
ರೇಕು ಆರುವ ಮೊದಲೇ
ಗಂಡು ಸಿಡುಬಿನಲ್ಲಿ ತೀರಿಕೊಂಡ.
ಕೆರೆದೆ.

ಆಮೇಲೆ ದಕ್ಷಿಣ. ಎರಡು ವರ್ಷ ವಕೀಲರು ಮೇಜಿನ ಸುತ್ತ ಕೂತು
ಹುಟ್ಟದ ಮಕ್ಕಳನ್ನು ಹೊಲದಂತೆ ಪಾಲು ಮಾಡಿದರು,
ಗಂಡಾದರೆ ತಂದೆಯ ಪೂಜೆಗೆ, ಹೆಣ್ಣಾದರೆ ತಾಯಿಯದಕ್ಕೆ.
ಅವಳಿಜವಳಿಯಾದರೆ? ಅದಕ್ಕೂ ಒಂದು ಕಲಮು.
ರೋಮಿನ ಒಪ್ಪಿಗೆ ಕುದುರೆ ಮೇಲೆ ಬರುವಷ್ಟರಲ್ಲಿ
ವರ ತನ್ನ ಅತ್ತೆಯ ಮಗಳನ್ನು ಕಟ್ಟಿಕೊಂಡಿದ್ದ.
ಕೆರೆದೆ.

ಉತ್ತರದಿಂದ ಏನೂ ಬರಲಿಲ್ಲ.

ಮೂವತ್ತೊಂದಕ್ಕೆ ಅವಳನ್ನು ಕುಲೀನ ಕನ್ಯೆಯರ ಮಠಕ್ಕೆ ಬರೆಸಿದರು.
ಅಲ್ಲೊಂದು ನಿಯಮ: ದೀಕ್ಷೆಯಿಲ್ಲದವಳಿಗೆ ಕೋಣೆಯಿಲ್ಲ.
ಅರೆಗುರುಡಾಗಿದ್ದ ಟಿಲೆಮನ್ ಎದುರು ಕೂರಿಸಿಕೊಂಡು ಕೇಳಿದನಂತೆ:
ನೀನು ಏನನ್ನು ನಂಬುತ್ತೀಯೆ, ಮಗಳೇ?
ಅದುವರೆಗೆ ಯಾರೂ ಕೇಳಿರಲಿಲ್ಲ.
ಅವನ ಮನೆಗೆಲಸದವಳು ಹೇಳಿದ್ದಿಷ್ಟೆ:
ಎರಡು ಸಲ ದೀಪಕ್ಕೆ ಎಣ್ಣೆ ಹಾಕಿದೆ.
ಒಳಗೆ ಮಾತಿತ್ತೋ ಮೌನವಿತ್ತೋ, ಬಾಗಿಲು ದಪ್ಪ.

ಕೊನೆಗೆ ಡಚೆಸ್ ಅಂದರು: ಬರೀ ಚರ್ಮ ಬರೆದು ಮುಗಿಸು.
ಮುಗಿಸಿದೆ. ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ.
ನನ್ನ ಪಟ್ಟಿ ಇನ್ನೂ ಅವರ ಖಜಾನೆಯಲ್ಲಿದೆ:
ಚಿತ್ರ ಒಂದು, ಕೊರಳು ಮೂರು,
ಚಿನ್ನದ ರೇಕು ಹನ್ನೆರಡು, ಸಂದದ್ದು ಅರ್ಧ.
ಕೆರೆಯುವಾಗ ಎರಡು ಸಲವೂ ಚೂರಿ
ಆ ಎಳ್ಳನ್ನು ಬಳಸಿಕೊಂಡು ಹೋಯಿತು.
ಅದಕ್ಕೆ ತಗುಲಿದ ಹೊತ್ತನ್ನು
ನಾನು ಲೆಕ್ಕಕ್ಕೆ ಹಿಡಿದಿಲ್ಲ.