ಕುರ್ಚಿ ಕದಲಬಾರದು

ಓವನ್ನಿನ ಬಾಗಿಲಿಗೆ ಕೊಂಡಿಯಿಲ್ಲ, ಜೂನ್ ತಿಂಗಳಿಂದ.
ಕಪಿತೋಲೀನಾ ಯೆಗೋರೊವ್ನಾ ಅದಕ್ಕೊಂದು ಕುರ್ಚಿ ಆನಿಸಿ
ಕುರ್ಚಿಯ ಮೇಲೆ ತಾನೇ ಕೂರುತ್ತಾಳೆ.
ತೊಂಬತ್ತು ಕಿಲೋ.
‘ಸುಮ್ಮನೆ ಹೊತ್ತು ತಿರುಗುತ್ತೀನಾ, ಕೆಲಸಕ್ಕೆ ಬರುತ್ತೆ’ ಅನ್ನುತ್ತಾಳೆ.

ಆದರೆ ಕೂರುವುದು ಕೊನೆಗೆ. ಮೊದಲು ಆಲೂಗಡ್ಡೆ.
ಕೀನೆಷ್ಮಾ ಊರಿನ ಈ ಮನೆಗೆ ಕೋಣೆ ಮೂರು, ಅಡುಗೆಮನೆ ಒಂದು,
ಸಿಪ್ಪೆ ತೆಗೆಯುವ ಕೆಲಸ ನನ್ನದು:
ಮೂರನೇ ಕೋಣೆಯ ಬಾಡಿಗೆಯವಳು, ಹೊಲಿಗೆ ಕಾರ್ಖಾನೆ, ರಾತ್ರಿ ಪಾಳಿ.
‘ದಪ್ಪ ಕೆತ್ತುತ್ತೀಯಲ್ಲೇ ಹುಡುಗಿ,
ಸಿಪ್ಪೆಗೇ ಇಷ್ಟು ಕೊಟ್ಟರೆ ನಮಗೇನು ಉಳೀತು?’
ಒಂದು ಸಿಪ್ಪೆ ಎತ್ತಿ ಕಿಟಕಿಗೆ ಹಿಡಿಯುತ್ತಾಳೆ.
ಆಚೆ ಹರಿಯುವ ವೋಲ್ಗಾ
ಅದರೊಳಗಿಂದ ಕಾಣಬೇಕು.

ಬೆಂದದ್ದನ್ನು ಬಿಸಿಯಲ್ಲೇ ಹಿಸುಕಬೇಕು,
ಆರಿದರೆ ಅಂಟು, ಗೋಡೆಗೆ ಕಾಗದ ಹಚ್ಚೋಕೆ ಸರಿ.
ಹಾಲು ಕಾಯಿಸಿಯೇ ಹುಯ್ಯಬೇಕು.
ಬೆಣ್ಣೆ ಕೈಗೆ ಬಂದಷ್ಟು,
ಆಮೇಲೆ ಮನಸ್ಸು ತಡೆಯದೆ ಇನ್ನೊಂದಿಷ್ಟು.
ಮೊಟ್ಟೆ ಒಂದು. ಎರಡಲ್ಲ.
ಎರಡು ಹಾಕುವವಳು ಫಾಯಿನಾ.

ಫಾಯಿನಾ ಎದುರು ಕೋಣೆಯವಳು.
ಮಾತು ಬಿಟ್ಟು ಏಳು ತಿಂಗಳು.
ಒಂದು ಬಾಣಲೆಯ ವಿಷಯ, ಅಥವಾ ಬರೀ ಅದರ ಮುಚ್ಚಳದ್ದು,
ಕೇಳಿದರೆ ಒಬ್ಬೊಬ್ಬಳು ಒಂದೊಂದು ಹೇಳುತ್ತಾಳೆ.
ಇಬ್ಬರೂ ಒಲೆಯ ಮುಂದಿದ್ದರೆ ನಡುವೆ ನಾನು ಅಂಚೆಪೆಟ್ಟಿಗೆ:
‘ಉಪ್ಪಿನ ಡಬ್ಬಿ ಮುಚ್ಚೋಕೆ ಹೇಳು ಅವಳಿಗೆ.’
‘ಮುಚ್ಚಿದೀನಿ ಅಂತ ಹೇಳು.’

ಈರುಳ್ಳಿ ಕೆಂಪಗಾಯಿತು,
ಕೀಮಾ ನೀರು ಬಿಟ್ಟು, ಬಿಟ್ಟ ನೀರನ್ನೇ ಕುಡಿದು ಸುಮ್ಮನಾಯಿತು.
ತಟ್ಟೆಗೆ ಬೆಣ್ಣೆ, ರಸ್ಕಿನ ಪುಡಿ,
ಅರ್ಧ ಆಲೂಗಡ್ಡೆ, ಕೀಮಾ, ಮಿಕ್ಕರ್ಧ ಆಲೂಗಡ್ಡೆ.
ಚಳಿಗೆ ಮೊದಲು ಕಿಟಕಿಯ ಸಂದಿಗೆ ಹತ್ತಿ ತುರುಕುವ ಹಾಗೆ
ಅಂಚಿನ ಸುತ್ತ ಬೆರಳಲ್ಲಿ ಒತ್ತಿದಳು.
ಮೇಲೆ ಹುಳಿಕೆನೆ ಸವರಿ, ಫೋರ್ಕಿನಿಂದ ಉತ್ತು,
ಒಳಗೆ ತಳ್ಳಿ, ಬಾಗಿಲಿಟ್ಟು, ಕುರ್ಚಿ ಎಳೆದು, ಕೂತಳು.
ನಲವತ್ತು ನಿಮಿಷ.

ನಮ್ಮಲ್ಲಿ ಗಂಟೆ ಒಮ್ಮೆ ಹೊಡೆದರೆ ಫಾಯಿನಾಗೆ,
ಎರಡು ಸಲ ಕಪಿತೋಲೀನಾಗೆ, ಮೂರು ನನಗೆ.
ಎರಡು ಸಲ ಹೊಡೆಯಿತು.
ನಾನು ಬಚ್ಚಲಲ್ಲಿ, ತಲೆ ತುಂಬ ಸೋಪು.
ಮತ್ತೆ ಎರಡು ಸಲ.
ಆಮೇಲೆ ನಾನು ಎಂದೂ ಕೇಳಿರದ ಒಂದು ಹೆಸರು:

‘ಫಾಯಾ! ಬಾಗಿಲು ತೆಗಿ, ನಾನು ಏಳೋ ಹಾಗಿಲ್ಲ!’

ಎಷ್ಟೋ ಹೊತ್ತು ನಲ್ಲಿಯದೊಂದೇ ಸದ್ದು.
ಆಮೇಲೆ ಚಪ್ಪಲಿ ಎಳೆಯುವ ಸದ್ದು.

ಬಂದವನು ಓವನ್ ರಿಪೇರಿಯ ಪ್ರೋಖೊರ್.
ಆಗಸ್ಟಿನಲ್ಲಿ ಹೇಳಿ ಕಳಿಸಿದ್ದು,
ಬಂದದ್ದು ನವೆಂಬರಿನಲ್ಲಿ, ಹೆಗಲ ಮೇಲೆ ಹಿಮ, ಚೀಲದಲ್ಲಿ ಕೊಂಡಿ.
‘ಓವನ್ ಆರಿಸಿ.’
‘ಆರಿಸೋದಾ? ಇನ್ನೂ ಹದಿನೆಂಟು ನಿಮಿಷ. ಕೂತುಕೋ.’
ಅವನು ಕೂತ. ಫಾಯಿನಾ ಕೂರಲಿಲ್ಲ, ಹೋಗಲೂ ಇಲ್ಲ.
‘ಎಷ್ಟು ಮೊಟ್ಟೆ ಹಾಕಿದೆ?’
ನನ್ನ ಮೂಲಕ ಅಲ್ಲ. ನೇರ.
‘ಒಂದು.’
‘ಕೊಯ್ದರೆ ಕುಸಿಯುತ್ತೆ, ಕಾಪಾ.’
‘ಕುಸೀಲಿ.’

ಒದ್ದೆ ತಲೆಯಲ್ಲಿ ನಾನು ಬರುವಾಗ ನಾಲ್ಕು ತಟ್ಟೆ ಇಟ್ಟಿದ್ದವು.
ಮೇಲ್ಪದರ ಕಂದು, ಉತ್ತ ಗೆರೆಗಳ ತುದಿ ಇನ್ನೂ ಕಪ್ಪು.
ಕೊಯ್ದಾಗ ಒಂದು ಮಗ್ಗುಲು ನಿಧಾನ ಕುಸಿಯಿತು.
ಫಾಯಿನಾ ನೋಡಿದಳು, ಏನೂ ಅನ್ನಲಿಲ್ಲ,
ಕುಸಿದಲ್ಲಿಗೆ ಸಬ್ಬಸಿಗೆ ಹೆಚ್ಚಿ ಉದುರಿಸಿದಳು.

ಪ್ರೋಖೊರ್ ಮೂರು ಸಲ ಹಾಕಿಸಿಕೊಂಡ,
ಓವನ್ ಮುಟ್ಟಿ ನೋಡಿದ, ಕೈ ಕೊಡವಿದ,
ಇನ್ನೊಂದು ಮನೆಗೆ ಹೋಗಬೇಕು ಅಂದ.
ಕೊಂಡಿ ಕಿಟಕಿಯ ಕಟ್ಟೆಯ ಮೇಲಿದೆ, ಈಗಲೂ.

ಈ ಶನಿವಾರ ಫಾಯಿನಾಳ ಸರದಿ, ಎರಡು ಮೊಟ್ಟೆಯದು.
ಅವಳು ಐವತ್ತೊಂದೇ ಕಿಲೋ.
ಕುರ್ಚಿ ಜಾರಿತು, ಬಾಗಿಲು ಬಾಯಿಬಿಟ್ಟಿತು.
ಕಪಿತೋಲೀನಾ ಬೈಯುತ್ತಲೇ ಬಂದು
ಅವಳ ಮಡಿಲಿಗೆ
ಒಂದು ಚೀಲ ಆಲೂಗಡ್ಡೆ ಇಟ್ಟು ಹೋದಳು.