ಒಂಬತ್ತು ಪಾಯಿಂಟ್ ಎರಡು

ಚೀಟಿ ನೋಡಿ ಡಾಕ್ಟರು ನಕ್ಕರು:
‘ಬಳ್ಳಾರಿಯವಳೇ ಅಲ್ಲವೇನಮ್ಮ ನೀನು?’

ಬಳ್ಳಾರಿಯವಳೇ. ಕೌಲ್ ಬಜಾರಿನ ಶೆಡ್ಡಿನಲ್ಲಿ
ಹದಿನಾಲ್ಕು ವರ್ಷ ಜೀನ್ಸಿಗೆ ಜಿಪ್ಪು ಕೂರಿಸಿದವಳು.
ಬಿಸಿಲು ನನಗೆ ಗೊತ್ತು.
ತಲೆ ಮೇಲೆ ತಗಡಾಗಿ ಕಾಯುತ್ತದೆ,
ಒಳಗೆ ಮಾತ್ರ ಬರುವುದಿಲ್ಲ.

ಸೊಂಟ, ಮೊಣಕಾಲು,
ಮನೆ ಮೆಟ್ಟಿಲಲ್ಲಿ ಮೂರನೆಯದು:
ಇದು ನನ್ನ ಲೆಕ್ಕ.
ಅವರದು ಒಂಬತ್ತು ಪಾಯಿಂಟ್ ಎರಡು.

ವಾರಕ್ಕೊಂದು ಮಾತ್ರೆ, ಎಂಟು ವಾರ.
‘ದಿನಾ ಅರ್ಧ ಗಂಟೆ ಬಿಸಿಲಲ್ಲಿ ಕೂತ್ಕೊ.’
ಅರ್ಧ ಗಂಟೆಗೆ ಹನ್ನೆರಡು ಜಿಪ್ಪು.
ಹೇಳಲಿಲ್ಲ.

ಇವತ್ತು ಬುತ್ತಿ ಹೊತ್ತಿಗೆ
ಹೊರಗೆ, ನೀರಿನ ಡ್ರಮ್ಮಿನ ಪಕ್ಕ
ತೋಳು ಮಡಚಿ ಕೂತೆ.
‘ಕರ್ರಗಾಗ್ತಿ, ಫಕೀರಮ್ಮ! ಒಳಗ ಬಾರಬೇ!’
ಹುಲಿಗೆಮ್ಮನ ಕೂಗು.

ಮುಂಗೈ ಮೇಲೆ ನೀಲಿ.
ಬಟ್ಟೆ ಬಿಟ್ಟ ಬಣ್ಣವೋ, ನರವೋ,
ಉಗುಳು ಹಚ್ಚಿ
ತಿಕ್ಕಿ ನೋಡುತ್ತಿದ್ದೆ.